ಸಮುದ್ರ ಮೀನಿನ ಅಕ್ವೇರಿಯಂಗೆ ಪ್ರೋಟೀನ್ ಸ್ಕಿಮ್ಮರ್: ಆಯ್ಕೆ ಮತ್ತು ಅಳವಡಿಕೆ

ಹೋಟೆಲು, ಆಸ್ಪತ್ರೆ, ಆಭರಣ ಮಳಿಗೆ ಹಾಗೂ ಕಚೇರಿಗಳ ಸ್ವಾಗತಾಂಗಣದಲ್ಲಿ ಸಮುದ್ರ ಮೀನುಗಳ ಅಕ್ವೇರಿಯಂ ಇರಿಸುವ ರೂಢಿ ನಮ್ಮ ನಗರಗಳಿಗೂ ಬಂದಿದೆ. ಒಳಬಂದ ಗ್ರಾಹಕರ ಕಣ್ಣು ಮೊದಲು ಹೋಗುವುದು ಅದರ ಕಡೆಗೇ. ಆದರೆ ಉತ್ಸಾಹದಿಂದ ಆರಂಭವಾದ ಇಂತಹ ತೊಟ್ಟಿಗಳಲ್ಲಿ ಕೆಲವು ವರ್ಷ ತುಂಬುವ ಮೊದಲೇ ಸಿಹಿನೀರಿನ ತೊಟ್ಟಿಗಳಾಗಿ ಬದಲಾಗುತ್ತವೆ, ಇಲ್ಲವೇ ಖಾಲಿಯಾಗಿ ಗೋದಾಮು ಸೇರುತ್ತವೆ. ಮೀನು ಸತ್ತಾಗ ಮೀನು ಮಾರಿದವರನ್ನು ದೂರುವುದು ಸಾಮಾನ್ಯ. ಕಾರಣವನ್ನು ನಿಜವಾಗಿ ಹುಡುಕಬೇಕಾದದ್ದು ತೊಟ್ಟಿಯ ಕೆಳಗಿನ ಕಪಾಟಿನೊಳಗೆ. ಅಲ್ಲಿ ಕುಳಿತು ದಿನದ ಇಪ್ಪತ್ತನಾಲ್ಕು ಗಂಟೆಯೂ ಕೆಲಸ ಮಾಡಬೇಕಾದ ಒಂದು ಉಪಕರಣವೆಂದರೆ ಪ್ರೋಟೀನ್ ಸ್ಕಿಮ್ಮರ್. ಅದನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿದ ಲೀಟರ್ ಲೆಕ್ಕ ನೋಡಿ ಕೊಳ್ಳುವುದು, ಕಪಾಟಿನಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಇಟ್ಟುಬಿಡುವುದು, ಈ ಎರಡು ತಪ್ಪುಗಳಿಂದಲೇ ಬಹುಪಾಲು ನಷ್ಟ ಸಂಭವಿಸುತ್ತದೆ.

ಉಪಕರಣವನ್ನು ಕೊಳ್ಳುವ ಸಂಸ್ಥೆಗಳಿಗೂ, ಮಾರಾಟ ಮಾಡಿ ಜೋಡಿಸಿಕೊಡುವ ವರ್ತಕರಿಗೂ ಉಪಯೋಗವಾಗುವಂತೆ ಇದರ ಕಾರ್ಯವಿಧಾನ, ಆಯ್ಕೆಯ ಕ್ರಮ ಹಾಗೂ ಅಳವಡಿಕೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ನೊರೆಯೇ ಬಂಡವಾಳ

ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯತೊಡಗಿದಾಗ ಕೊಳೆಯೆಲ್ಲ ನೊರೆಯೊಡನೆ ಮೇಲೆ ಬರುತ್ತದೆ. ಅದನ್ನು ಜಾಲರಿಯಿಂದ ತೆಗೆದು ಹಾಕಿದರಷ್ಟೇ ಬೆಲ್ಲಕ್ಕೆ ಒಳ್ಳೆಯ ಬಣ್ಣ. ಪ್ರೋಟೀನ್ ಸ್ಕಿಮ್ಮರ್ ಮಾಡುವುದೂ ಇದೇ ಕೆಲಸವನ್ನು. ಬೆಂಕಿಯ ಬದಲು ಇಲ್ಲಿ ಗಾಳಿ ಇದೆ, ಅಷ್ಟೇ ವ್ಯತ್ಯಾಸ. ಮೀನುಗಳ ವಿಸರ್ಜನೆ, ತಿನ್ನದೆ ಉಳಿದ ಆಹಾರ, ಮೈಯಿಂದ ಸ್ರವಿಸುವ ಲೋಳೆ ಇವುಗಳಿಂದ ನೀರಿನಲ್ಲಿ ಪ್ರೋಟೀನು, ಕೊಬ್ಬು ಮೊದಲಾದ ಸಾವಯವ ಪದಾರ್ಥಗಳು ಕರಗಿ ಸೇರುತ್ತವೆ. ಇವುಗಳ ಅಣುಗಳಲ್ಲಿ ಅನೇಕಕ್ಕೆ ಎರಡು ಸ್ವಭಾವ: ಒಂದು ತುದಿ ನೀರನ್ನು ಬಯಸಿದರೆ ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ. ಆದ್ದರಿಂದ ಅವು ನೀರು ಮತ್ತು ಗಾಳಿ ಸಂಧಿಸುವ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ. ನೀರಿನೊಳಗೆ ಅತಿ ಸಣ್ಣ ಗುಳ್ಳೆಗಳನ್ನು ಲಕ್ಷಾಂತರ ಸಂಖ್ಯೆಯಲ್ಲಿ ಹಾಯಿಸಿದರೆ ಅಂಟಿಕೊಳ್ಳಲು ಬೇಕಾದ ಮೇಲ್ಮೈ ಅಪಾರವಾಗಿ ಹೆಚ್ಚುತ್ತದೆ. ಗುಳ್ಳೆಗಳು ಉಪಕರಣದ ಒಡಲಿನಲ್ಲಿ ಮೇಲೇರಿ, ಕಿರಿದಾದ ಕತ್ತಿನಲ್ಲಿ ಒತ್ತಾಗಿ, ನೀರು ಬಸಿದುಹೋಗಿ ಗಟ್ಟಿ ನೊರೆಯಾಗುತ್ತವೆ. ಆ ನೊರೆ ಕತ್ತಿನ ಅಂಚು ದಾಟಿ ಬಟ್ಟಲಿಗೆ ಬೀಳುತ್ತದೆ. ಬಟ್ಟಲಿನಲ್ಲಿ ಸೇರುವ ಕಂದು ಬಣ್ಣದ, ದುರ್ವಾಸನೆಯ ದ್ರವವೇ ಉಪಕರಣದ ದುಡಿಮೆಗೆ ಸಾಕ್ಷಿ. ಅದಿರುಗಳನ್ನು ಶುದ್ಧೀಕರಿಸುವ ಕಾರ್ಖಾನೆಗಳಲ್ಲಿ ನೊರೆಯ ಮೂಲಕ ಖನಿಜವನ್ನು ಬೇರ್ಪಡಿಸುವ ವಿಧಾನವನ್ನು ಬಲ್ಲವರಿಗೆ ಈ ತತ್ವ ಹೊಸದಲ್ಲ.

ಸಿಹಿನೀರಿನ ತೊಟ್ಟಿಗೆ ಇದೇ ಉಪಕರಣವನ್ನು ಏಕೆ ಬಳಸುವುದಿಲ್ಲ ಎಂಬ ಪ್ರಶ್ನೆ ಸಹಜ. ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡವಾಗಿ ಬೇಗನೆ ಮೇಲೆ ಹೋಗಿ ಒಡೆಯುತ್ತವೆ. ಸಮುದ್ರದ ನೀರಿನಲ್ಲಿರುವ ಲವಣಗಳು ಹೀಗೆ ಕೂಡಿಕೊಳ್ಳುವುದನ್ನು ತಡೆಯುತ್ತವೆ. ಗುಳ್ಳೆ ಸಣ್ಣದಾಗಿಯೇ ಉಳಿದು ನಿಧಾನವಾಗಿ ಏರುತ್ತದೆ. ಮಳೆಗಾಲದಲ್ಲಿ ಮಲ್ಪೆಯ ಅಥವಾ ಕಾರವಾರದ ದಡದಲ್ಲಿ ಅಲೆಗಳು ಬಿಟ್ಟುಹೋಗುವ ಕೊಳಕು ನೊರೆಯ ಸಾಲು ಪ್ರಕೃತಿಯೇ ನಡೆಸುವ ಇಂತಹ ಶುದ್ಧೀಕರಣವೆನ್ನಬಹುದು. ಪೇಟೆಯಲ್ಲಿ ‘ಸರ್ಫೇಸ್ ಸ್ಕಿಮ್ಮರ್’ ಎಂಬ ಇನ್ನೊಂದು ಅಗ್ಗದ ಸಲಕರಣೆಯೂ ದೊರೆಯುತ್ತದೆ. ಅದು ನೀರಿನ ಮೇಲಿನ ಪದರವನ್ನು ಮಾತ್ರ ಎಳೆದುಕೊಳ್ಳುವಂಥದು. ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು.

ಈ ಉಪಕರಣದ ಮಿತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು. ನೀರಿನಲ್ಲಿ ಈಗಾಗಲೇ ಉತ್ಪತ್ತಿಯಾಗಿರುವ ಅಮೋನಿಯಾ, ನೈಟ್ರೇಟ್‌ಗಳನ್ನು ಸ್ಕಿಮ್ಮರ್ ತೆಗೆಯಲಾರದು. ಕೊಳೆತು ಅಮೋನಿಯಾ ಆಗುವ ಮುನ್ನವೇ ಸಾವಯವ ಪದಾರ್ಥದ ಒಂದು ಪಾಲನ್ನು ಹೊರಹಾಕುವುದಷ್ಟೇ ಅದರ ಕೆಲಸ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಅವರು 2009ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಪರೀಕ್ಷಿಸಿದ ಸ್ಕಿಮ್ಮರ್‌ಗಳು ನೀರಿನಲ್ಲಿದ್ದ ಒಟ್ಟು ಸಾವಯವ ಇಂಗಾಲದ ಸುಮಾರು 20ರಿಂದ 30 ಶೇಕಡಾ ಭಾಗವನ್ನು ಮಾತ್ರ ತೆಗೆಯಬಲ್ಲವಾಗಿದ್ದವು. ಬೇರೆ ಬೇರೆ ತಯಾರಿಕೆಗಳ ನಡುವೆ ಕಂಡುಬಂದ ಅಂತರ ದೊಡ್ಡದಾಗಿರಲಿಲ್ಲ. ಹೆಸರಾಂತ ತಯಾರಿಕೆಗೆಂದು ಎರಡು ಪಟ್ಟು ಬೆಲೆ ತೆರಲು ಸಿದ್ಧರಾದವರು ಈ ಅಂಶವನ್ನು ನೆನಪಿನಲ್ಲಿಡಬೇಕು. ಹೆಚ್ಚಿನ ಬೆಲೆಗೆ ಒಳ್ಳೆಯ ಮೋಟಾರು, ಕಡಿಮೆ ಸದ್ದು, ದೊರೆಯುವ ಬಿಡಿಭಾಗ ಸಿಗಬಹುದು. ಅವೂ ಬೆಲೆಯುಳ್ಳವೇ. ಆದರೆ ನೀರು ಎರಡು ಪಟ್ಟು ಶುದ್ಧವಾಗುತ್ತದೆಂದು ಭಾವಿಸುವಂತಿಲ್ಲ.

ಒಳನಾಡಿನ ಊರುಗಳಿಗೆ ಏಕೆ ಹೆಚ್ಚು ಮುಖ್ಯ

ಸಿಹಿನೀರಿನ ತೊಟ್ಟಿಯಲ್ಲಿ ನೀರು ಕೆಟ್ಟರೆ ಕ್ಲೋರಿನ್ ತೆಗೆದ ನಲ್ಲಿ ನೀರನ್ನು ಬದಲಿಸಿದರಾಯಿತು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳಲ್ಲಿ ಸಮುದ್ರದ ನೀರನ್ನು ಬದಲಿಸುವುದೆಂದರೆ ಆರ್‌ಓ ನೀರಿಗೆ ಆಮದಾದ ಸಿದ್ಧ ಲವಣ ಮಿಶ್ರಣವನ್ನು ಕಲಸಬೇಕು. 400 ಲೀಟರ್ ತೊಟ್ಟಿಯಲ್ಲಿ ಐದನೆಯ ಒಂದು ಭಾಗ, ಅಂದರೆ 80 ಲೀಟರ್ ಬದಲಿಸಲು ಸುಮಾರು 3 ಕಿಲೋ ಮಿಶ್ರಣ ವ್ಯಯವಾಗುತ್ತದೆ. ಅಡುಗೆ ಉಪ್ಪಿನಿಂದ ಈ ಕೆಲಸ ಆಗದು. ಕರಾವಳಿಯವರಿಗೆ ಈ ಖರ್ಚು ಉಳಿಯುತ್ತದೆಯಾದರೂ ಮಳೆಗಾಲದಲ್ಲಿ ನದೀಮುಖಗಳ ಬಳಿಯ ನೀರು ಸಪ್ಪೆಯಾಗಿ, ಕೆಸರಾಗಿ ಬರುವುದರಿಂದ ಅವರೂ ಪೂರ್ತಿಯಾಗಿ ನಿಶ್ಚಿಂತರಲ್ಲ. ಸ್ಕಿಮ್ಮರ್ ನೀರು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ಆದರೆ ನೈಟ್ರೇಟ್ ಏರುವ ವೇಗವನ್ನು ತಗ್ಗಿಸಿ, ಬದಲಿಸಬೇಕಾದ ಪ್ರಮಾಣವನ್ನು ಹಿಡಿತದಲ್ಲಿಡುತ್ತದೆ.

ಇನ್ನೊಂದು ಲಾಭ ಲೆಕ್ಕಪತ್ರದಲ್ಲಿ ಕಾಣದಿದ್ದರೂ ಮೀನಿನ ಜೀವಕ್ಕೆ ಸಂಬಂಧಿಸಿದುದು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರಿನಲ್ಲಿ ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದಾದರೆ, ಸಮುದ್ರದ ನೀರಿನಲ್ಲಿ ಅದು 7 ಮಿಲಿಗ್ರಾಂಗಿಂತ ಕಡಿಮೆ. ಬೆಂಗಳೂರು 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದ್ದು ವಾಯುಭಾರ ಕಡಿಮೆ ಇರುವುದರಿಂದ ಅದರಲ್ಲಿ ಇನ್ನೂ ಹತ್ತನೆಯ ಒಂದು ಭಾಗ ಖೋತಾ. ಗಂಟೆಗೆ ನೂರಾರು ಲೀಟರ್ ಗಾಳಿಯನ್ನು ನೀರಿನೊಡನೆ ಬೆರೆಸುವ ಸ್ಕಿಮ್ಮರ್ ಈ ಕೊರತೆಯನ್ನು ತುಂಬಿಕೊಡುತ್ತದೆ. ರಾತ್ರಿ ‘ಸದ್ದಾಗುತ್ತದೆ’ ಎಂದು ಅದನ್ನು ನಿಲ್ಲಿಸುವ ಕಾವಲುಗಾರನಿಗೆ ಇದನ್ನು ತಿಳಿಸಿ ಹೇಳುವ ಅಗತ್ಯವಿದೆ.

ಲೀಟರ್ ಲೆಕ್ಕದ ಆಚೆಗೆ

ಪೆಟ್ಟಿಗೆಯ ಮೇಲೆ ‘1000 ಲೀಟರ್‌ವರೆಗೆ’ ಎಂದು ಮುದ್ರಿತವಾಗಿರುತ್ತದೆ. ಈ ಅಂಕಿಯನ್ನು ನಿಗದಿಪಡಿಸಲು ಎಲ್ಲ ತಯಾರಕರೂ ಪಾಲಿಸಲೇಬೇಕಾದ ಒಂದೇ ಮಾನದಂಡವೆಂಬುದಿಲ್ಲ. ಪ್ರಾಮಾಣಿಕ ತಯಾರಕರು ಮೀನುಗಳ ಸಂಖ್ಯೆ ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸಿ ಎರಡು ಮೂರು ಅಂಕಿಗಳನ್ನು ಕೊಡುತ್ತಾರೆ. ಒಂದೇ ಅಂಕಿ ಇದ್ದರೆ ಅದು ಅತಿ ಕಡಿಮೆ ಮೀನುಗಳಿರುವ ತೊಟ್ಟಿಗೆ ಅನ್ವಯಿಸುವಂಥದೆಂದು ತಿಳಿಯುವುದು ಕ್ಷೇಮ.

ನಿಜಕ್ಕೂ ಸ್ಕಿಮ್ಮರ್‌ನ ಗಾತ್ರವನ್ನು ನಿರ್ಧರಿಸಬೇಕಾದದ್ದು ನೀರಿನ ಪ್ರಮಾಣವಲ್ಲ, ಪ್ರತಿದಿನ ತೊಟ್ಟಿಗೆ ಬೀಳುವ ಆಹಾರ. ತಲಾ 400 ಲೀಟರಿನ ಎರಡು ತೊಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದರಲ್ಲಿ ಆರು ಸಣ್ಣ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳಿದ್ದು ದಿನಕ್ಕೆ ಎರಡು ಚಿಟಿಕೆ ಒಣ ಆಹಾರ ಸಾಕಾಗುತ್ತದೆ. ಇನ್ನೊಂದರಲ್ಲಿ ಅಂಗೈಯಗಲದ ಏಂಜೆಲ್, ಟ್ಯಾಂಗ್, ಲಯನ್ ಫಿಶ್‌ಗಳಿದ್ದು ಪ್ರತಿದಿನ ಹೆಚ್ಚಿದ ಸಿಗಡಿ, ಮೀನಿನ ತುಂಡು ಬೀಳುತ್ತದೆ. ನೀರು ಅಷ್ಟೇ, ಆದರೆ ಕೊಳೆಯ ಉತ್ಪತ್ತಿ ಹಲವು ಪಟ್ಟು ಬೇರೆ. ಮೊದಲನೆಯದಕ್ಕೆ ತಯಾರಕರು ‘ಮಧ್ಯಮ’ ಎಂದು ಸೂಚಿಸಿದ ಅಂಕಿ 400ರ ಆಸುಪಾಸಿನಲ್ಲಿರುವ ಮಾದರಿ ಸಾಕು. ಎರಡನೆಯದಕ್ಕೆ ‘ಹೆಚ್ಚು’ ಎಂಬ ಸಾಲಿನಲ್ಲಿ 400 ಅಥವಾ ಅದಕ್ಕೂ ಮೇಲಿನ ಅಂಕಿ ಇರುವ ಮಾದರಿ ಬೇಕು.

ವಾಣಿಜ್ಯ ಸ್ಥಳಗಳಲ್ಲಿನ ತೊಟ್ಟಿಗಳು ಹೆಚ್ಚಾಗಿ ಈ ಎರಡನೆಯ ವರ್ಗಕ್ಕೆ ಸೇರುತ್ತವೆ. ಅದಕ್ಕೆ ಕಾನೂನಿನ ಕಾರಣವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ 2001ರಿಂದ ಬಂಡೆ ಕಟ್ಟುವ ಹವಳಗಳು ಸೇರಿವೆ. ಅನುಸೂಚಿಗಳನ್ನು ಪುನಾರಚಿಸಿದ 2022ರ ತಿದ್ದುಪಡಿಯ ನಂತರವೂ ಅವುಗಳಿಗೆ ರಕ್ಷಣೆ ಇದೆ. ಹೀಗಾಗಿ ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಹವಳದ ತೊಟ್ಟಿಯ ಗೋಜಿಗೆ ಹೋಗದೆ ಮೀನುಗಳನ್ನಷ್ಟೇ ಇಡುವುದು ಜಾಣತನ. ಹವಳವಿಲ್ಲದ ಖಾಲಿತನವನ್ನು ತುಂಬಲು ಮೀನಿನ ಸಂಖ್ಯೆ ಹೆಚ್ಚಾಗುತ್ತದೆ, ಅದರೊಡನೆ ಆಹಾರವೂ.

ಹಾಗಾದರೆ ಆದಷ್ಟು ದೊಡ್ಡದನ್ನೇ ಕೊಂಡರಾಯಿತಲ್ಲ ಎನ್ನುವವರುಂಟು. ಇಲ್ಲಿ ಒಂದು ಸೂಕ್ಷ್ಮವಿದೆ. ನೊರೆ ಗಟ್ಟಿಯಾಗಿ ನಿಲ್ಲಲು ಸಾಕಷ್ಟು ಸಾವಯವ ಪದಾರ್ಥ ಇರಬೇಕು. ಅಗಲ ಕತ್ತಿನ ಭಾರಿ ಸ್ಕಿಮ್ಮರನ್ನು ಕೆಲವೇ ಮೀನುಗಳ ತೊಟ್ಟಿಗೆ ಹಾಕಿದರೆ ನೊರೆ ಕತ್ತಿನ ಅರ್ಧಕ್ಕೆ ಏರಿ ಕುಸಿಯುತ್ತದೆ. ಬಟ್ಟಲು ದಿನಗಟ್ಟಲೆ ಒಣಗಿಯೇ ಇರುತ್ತದೆ. ಹೀಗಾಗಿ ಕತ್ತಿನ ವ್ಯಾಸ, ಎಳೆಯುವ ಗಾಳಿಯ ಪ್ರಮಾಣ ಇವೆರಡೂ ಮೀನುಗಳ ಆಹಾರಕ್ಕೆ ಹೊಂದಿಕೊಂಡಿರಬೇಕು. 400 ಲೀಟರ್ ಆಸುಪಾಸಿನ ತೊಟ್ಟಿಗಳಿಗೆಂದು ಮಾರಾಟವಾಗುವ ಮಾದರಿಗಳು ಸಾಮಾನ್ಯವಾಗಿ ಗಂಟೆಗೆ 300ರಿಂದ 600 ಲೀಟರ್ ಗಾಳಿ ಎಳೆಯುತ್ತವೆ. ಈ ಅಂಕಿಯನ್ನೇ ಕೊಡದ ತಯಾರಿಕೆಯನ್ನು ದೂರವಿಡುವುದು ಲೇಸು.

ವಿನ್ಯಾಸಗಳ ಪೈಕಿ ಮರದ ಗಾಳಿಕಲ್ಲು ಬಳಸುವ ಹಳೆಯ ಮಾದರಿ ಅಗ್ಗ. ಆದರೆ ಕಲ್ಲನ್ನು ಮೇಲಿಂದ ಮೇಲೆ ಬದಲಿಸಬೇಕು. ತೊಟ್ಟಿಯ ಬೆನ್ನಿಗೆ ತೂಗುಹಾಕುವ ಮಾದರಿಗಳು ಕೆಳಗೆ ಜಾಗವೇ ಇಲ್ಲದವರಿಗೆ; ಅವು ಹೊರಗೆ ಕಾಣುತ್ತವೆ, ಚೆಲ್ಲಿದರೆ ನೇರವಾಗಿ ನೆಲಕ್ಕೆ. ಇಂದು ಹೆಚ್ಚು ಬಳಕೆಯಲ್ಲಿರುವುದು ಸಂಪಿನೊಳಗೆ ಇಡುವ ‘ನೀಡಲ್ ವೀಲ್’ ಮಾದರಿ. ಇದರ ಪಂಪಿನ ಚಕ್ರದಲ್ಲಿ ರೆಕ್ಕೆಗಳ ಬದಲು ಸೂಜಿಯಂತಹ ಕಡ್ಡಿಗಳಿದ್ದು, ಎಳೆದುಕೊಂಡ ಗಾಳಿಯನ್ನು ನುಚ್ಚುನೂರು ಮಾಡಿ ಹಾಲಿನಂತಹ ಬಿಳಿ ಗುಳ್ಳೆಗಳಾಗಿಸುತ್ತದೆ. 15 ವ್ಯಾಟಿನ ಇಂತಹ ಪಂಪು ಹಗಲಿರುಳೂ ಓಡಿದರೆ ತಿಂಗಳಿಗೆ 11 ಯೂನಿಟ್‌ಗಿಂತ ಕಡಿಮೆ ವಿದ್ಯುತ್ತು. ಇಲ್ಲಿ ಉಳಿತಾಯಕ್ಕೆ ಕೈಹಾಕುವುದರಲ್ಲಿ ಅರ್ಥವಿಲ್ಲ.

ಆಮದು ಮಾಲನ್ನು ಕೊಳ್ಳುವಾಗ ಪಂಪಿನ ಮೇಲಿನ ಲೇಬಲನ್ನು ಓದಲೇಬೇಕು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ 110 ವೋಲ್ಟಿನ ಮಾಲು ನೇರವಾಗಿ ಉಪಯೋಗಕ್ಕೆ ಬಾರದು. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದರೂ 60 ಹರ್ಟ್ಸ್‌ಗೆ ರೂಪಿಸಿದ ಎ.ಸಿ. ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ಗಾಳಿಯ ಅಂಕಿಯೂ ಇಳಿಯುತ್ತದೆ. ವಿದೇಶದಿಂದ ಬಂಧುಗಳ ಕೈಲಿ ತರಿಸಿದ ದುಬಾರಿ ಉಪಕರಣ ನಿರಾಶೆ ತರುವುದು ಹೀಗೆ.

ಸಂಪಿನಲ್ಲಿ ನೀರಿನ ಮಟ್ಟ

ಇಲ್ಲಿ ಸಂಪ್ ಎಂದರೆ ಮನೆಯಂಗಳದ ನೆಲದಡಿಯ ತೊಟ್ಟಿಯಲ್ಲ. ಅಕ್ವೇರಿಯಂನ ಕೆಳಗಿನ ಕಪಾಟಿನಲ್ಲಿಡುವ ಗಾಜಿನ ಚಿಕ್ಕ ತೊಟ್ಟಿ. ಮೇಲಿನ ನೀರು ಅಂಚು ಮೀರಿ ಕೊಳವೆಯಲ್ಲಿ ಇಳಿದು ಇದರೊಳಗೆ ಬೀಳುತ್ತದೆ, ಗಾಜಿನ ಅಡ್ಡಗೋಡೆಗಳನ್ನು ದಾಟಿ ಕೊನೆಯ ಕೋಣೆ ಸೇರುತ್ತದೆ, ಅಲ್ಲಿಂದ ಪಂಪು ಅದನ್ನು ಮತ್ತೆ ಮೇಲಕ್ಕೆತ್ತುತ್ತದೆ.

ಸ್ಕಿಮ್ಮರ್‌ನ ಅಳವಡಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದು ನಿಂತಿರುವ ನೀರಿನ ಆಳ. ಬಹುತೇಕ ಮಾದರಿಗಳಿಗೆ 18ರಿಂದ 23 ಸೆಂಟಿಮೀಟರ್ ಆಳ ಸರಿಹೊಂದುತ್ತದೆ; ನಿಖರವಾದ ಅಳತೆ ಕೈಪಿಡಿಯಲ್ಲಿರುತ್ತದೆ. ಆಳ ಹೆಚ್ಚಾದರೆ ನೊರೆಯ ಬದಲು ನೀರೇ ಬಟ್ಟಲಿಗೆ ಉಕ್ಕುತ್ತದೆ. ಕಡಿಮೆಯಾದರೆ ನೊರೆ ಕತ್ತಿನವರೆಗೆ ಏರುವುದಿಲ್ಲ. ಒಂದೆರಡು ಸೆಂಟಿಮೀಟರಿನ ಏರುಪೇರೂ ಇಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಉಪಕರಣ ಇರಬೇಕಾದದ್ದು ಮಟ್ಟ ಎಂದೂ ಬದಲಾಗದ ಮೊದಲ ಕೋಣೆಯಲ್ಲಿ. ನೀರು ಆವಿಯಾದಾಗ ಕೊನೆಯ ಕೋಣೆಯ ಮಟ್ಟ ಮಾತ್ರ ಇಳಿಯುತ್ತದೆ. ಮೊದಲ ಕೋಣೆಯ ಮಟ್ಟವನ್ನು ಅಡ್ಡಗೋಡೆಯ ಎತ್ತರವೇ ಕಾಯುತ್ತದೆ. ಪಂಪಿನ ಕೋಣೆಯಲ್ಲಿ ಜಾಗ ಇದೆಯೆಂದು ಸ್ಕಿಮ್ಮರನ್ನು ಅಲ್ಲಿ ಇಟ್ಟರೆ ಪ್ರತಿದಿನವೂ ಹೊಸದಾಗಿ ಹೊಂದಿಸುತ್ತ ಕೂರಬೇಕಾಗುತ್ತದೆ. ಅಡ್ಡಗೋಡೆ ಅಗತ್ಯಕ್ಕಿಂತ ಎತ್ತರವಾಗಿದ್ದರೆ ಅಕ್ರಿಲಿಕ್ ಹಾಳೆ ಅಥವಾ ಪಿವಿಸಿ ತುಂಡುಗಳಿಂದ ಪೀಠವೊಂದನ್ನು ಮಾಡಿ ಉಪಕರಣವನ್ನು ಮೇಲೆತ್ತಬಹುದು. ಅಡ್ಡಗೋಡೆಯೇ ಕುಳ್ಳಗಿದ್ದರೆ ಸುಲಭ ಪರಿಹಾರವಿಲ್ಲ. ಆದ್ದರಿಂದ ಸ್ಕಿಮ್ಮರ್ ಯಾವುದೆಂದು ನಿಶ್ಚಯವಾದ ಮೇಲೆಯೇ ಗಾಜು ಕತ್ತರಿಸುವವರಿಗೆ ಸಂಪಿನ ಅಳತೆ ಕೊಡಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ.

ಎತ್ತರದ ಇನ್ನೊಂದು ಲೆಕ್ಕವನ್ನು ಬಡಗಿಗಳು ಮರೆಯುತ್ತಾರೆ. ಬಟ್ಟಲನ್ನು ತೊಳೆಯಲು ಮೇಲಕ್ಕೆ ಎತ್ತಿ ತೆಗೆಯಬೇಕು. ಉಪಕರಣದ ಒಟ್ಟು ಎತ್ತರದ ಮೇಲೆ ಕನಿಷ್ಠ 15 ಸೆಂಟಿಮೀಟರ್ ಖಾಲಿ ಇಲ್ಲದಿದ್ದರೆ ಬಟ್ಟಲು ಕಪಾಟಿನ ಮೇಲ್ಹಲಗೆಗೆ ತಗಲುತ್ತದೆ, ತೊಳೆಯುವ ಕೆಲಸ ವಾರದಿಂದ ವಾರಕ್ಕೆ ಮುಂದೂಡಲ್ಪಡುತ್ತದೆ.

ವಿದ್ಯುತ್ ಹೋದಾಗ, ಬಂದಾಗ

ನಮ್ಮ ಪರಿಸ್ಥಿತಿಯಲ್ಲಿ ಹೆಚ್ಚಿನ ಅನಾಹುತಗಳು ಸಂಭವಿಸುವುದು ವಿದ್ಯುತ್ ಕಡಿತದ ಸಮಯದಲ್ಲಿ. ವಿದ್ಯುತ್ ಹೋದೊಡನೆ ಮೇಲೆತ್ತುವ ಪಂಪು ನಿಲ್ಲುತ್ತದೆ. ಮೇಲಿನ ತೊಟ್ಟಿಯ ನೀರು ಕೊಳವೆಗಳ ಮೂಲಕ ಇಳಿಯುತ್ತಲೇ ಇರುತ್ತದೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಮಟ್ಟ ಕೇವಲ 3 ಸೆಂಟಿಮೀಟರ್ ಇಳಿದರೂ ಸಂಪಿಗೆ ಬರುವ ನೀರು ಸುಮಾರು 22 ಲೀಟರ್. ಕೊಳವೆಗಳಲ್ಲಿದ್ದುದನ್ನು ಸೇರಿಸಿಕೊಂಡು ಸಂಪಿನಲ್ಲಿ ಕನಿಷ್ಠ 30 ಲೀಟರಿನಷ್ಟು ಜಾಗ ಸದಾ ಖಾಲಿ ಇರಬೇಕು. ಮೇಲೆ ನೀರು ಬಿಡುವ ಕೊಳವೆಯ ಬಾಯಿ ಆಳದಲ್ಲಿದ್ದರೆ ಅದರ ಮೂಲಕವೂ ನೀರು ಹಿಮ್ಮುಖವಾಗಿ ಎಳೆಯಲ್ಪಡುತ್ತದೆ. ನೀರಿನ ಮಟ್ಟಕ್ಕೆ ತುಸು ಕೆಳಗೆ ಆ ಕೊಳವೆಗೆ ಸಣ್ಣ ರಂಧ್ರ ಕೊರೆದರೆ ಗಾಳಿ ಹೊಕ್ಕು ಎಳೆತ ತುಂಡಾಗುತ್ತದೆ. ಆ ರಂಧ್ರ ಪಾಚಿಯಿಂದ ಮುಚ್ಚಿಹೋಗದಂತೆ ಆಗಾಗ ನೋಡಬೇಕು.

ವಿದ್ಯುತ್ ಮರಳಿದಾಗ ಎರಡನೆಯ ಅಪಾಯ. ಆ ಕ್ಷಣದಲ್ಲಿ ಸಂಪಿನ ಮಟ್ಟ ಮಾಮೂಲಿಗಿಂತ ಹಲವು ಸೆಂಟಿಮೀಟರ್ ಮೇಲಿರುತ್ತದೆ. ಸ್ಕಿಮ್ಮರ್ ತಕ್ಷಣ ಚಾಲನೆಗೊಂಡರೆ ಬಟ್ಟಲಿಗೆ ನೀರು ಉಕ್ಕಿ, ಅಲ್ಲಿ ಶೇಖರವಾಗಿದ್ದ ಹೊಲಸೆಲ್ಲ ಮತ್ತೆ ಸಂಪಿಗೆ ಹರಿದು ಹೋಗುತ್ತದೆ. ಒಂದು ವಾರದ ದುಡಿಮೆ ಒಂದು ನಿಮಿಷದಲ್ಲಿ ವ್ಯರ್ಥ. ಸ್ಕಿಮ್ಮರ್‌ನ ಪ್ಲಗ್ಗಿಗೆ ಐದರಿಂದ ಹತ್ತು ನಿಮಿಷ ತಡವಾಗಿ ವಿದ್ಯುತ್ ಕೊಡುವ ಟೈಮರ್ ಅಳವಡಿಸಿದರೆ ಅಷ್ಟರಲ್ಲಿ ಸಂಪಿನ ಮಟ್ಟ ಯಥಾಸ್ಥಿತಿಗೆ ಬಂದಿರುತ್ತದೆ. ಈ ಸಣ್ಣ ಸಾಧನ ತೊಟ್ಟಿಯ ಒಟ್ಟು ವೆಚ್ಚದ ಮುಂದೆ ಗಣನೆಗೆ ಬಾರದು.

ಬಟ್ಟಲಿನ ಕೊಳೆಯನ್ನು ಕೊಳವೆಯ ಮೂಲಕ ಹೊರಗಿನ ಕ್ಯಾನಿಗೆ ಬಿಡುವ ಏರ್ಪಾಡು ಅನುಕೂಲಕರವೆನಿಸುತ್ತದೆ. ಆದರೆ ಯಾವುದೋ ಕಾರಣದಿಂದ ಸ್ಕಿಮ್ಮರ್ ಉಕ್ಕತೊಡಗಿದರೆ ಸಂಪಿನ ಉಪ್ಪುನೀರೆಲ್ಲ ಕ್ಯಾನು ತುಂಬಿ ನೆಲಕ್ಕೆ ಹರಿಯುತ್ತದೆ. ಆವಿಯಾದ ನೀರನ್ನು ತಾನಾಗಿ ತುಂಬುವ ಸಾಧನವೂ ಅಲ್ಲಿದ್ದರೆ ಪರಿಸ್ಥಿತಿ ಇನ್ನೂ ಗಂಭೀರ. ಅದು ಹೋದ ಉಪ್ಪುನೀರಿನ ಜಾಗಕ್ಕೆ ಸಿಹಿನೀರನ್ನು ಸುರಿಯುತ್ತದೆ, ಬೆಳಗಾಗುವುದರೊಳಗೆ ಲವಣಾಂಶ ಮೀನುಗಳು ತಾಳಲಾರದಷ್ಟು ಕುಸಿಯಬಹುದು. ಆದ್ದರಿಂದ ಕ್ಯಾನಿನಲ್ಲಿ ತೇಲುವ ಸ್ವಿಚ್ಚು ಇರಿಸಿ, ಕ್ಯಾನು ತುಂಬಿದೊಡನೆ ಸ್ಕಿಮ್ಮರ್ ನಿಲ್ಲುವಂತೆ ಮಾಡಬೇಕು. ಇಲ್ಲವಾದರೆ ಬಟ್ಟಲನ್ನು ಕೈಯಿಂದಲೇ ಚೆಲ್ಲುವುದು ಉತ್ತಮ.

ಇನ್ವರ್ಟರ್ ಮೇಲೆ ಏನನ್ನು ಓಡಿಸಬೇಕೆಂಬುದಕ್ಕೂ ಕ್ರಮವಿದೆ. ಮೊದಲ ಆದ್ಯತೆ ನೀರನ್ನು ಕದಡುವ ಪಂಪಿಗೆ ಅಥವಾ ಬ್ಯಾಟರಿ ಗಾಳಿಪಂಪಿಗೆ; ಸ್ಕಿಮ್ಮರ್ ಕೆಲವು ಗಂಟೆ ನಿಂತರೆ ತೊಂದರೆಯಿಲ್ಲ, ಆಮ್ಲಜನಕ ನಿಲ್ಲುವಂತಿಲ್ಲ. ಹಳೆಯ ಬಗೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಈ ಮೋಟಾರುಗಳು ಗುಂಯ್‌ಗುಡುತ್ತ ಬಿಸಿಯಾಗುತ್ತವೆ. ಸೈನ್ ವೇವ್ ಇನ್ವರ್ಟರೇ ಬೇಕು. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕವಾದ್ದರಿಂದ ಇಡೀ ಅಕ್ವೇರಿಯಂನ ಸಂಪರ್ಕ ಸೋರಿಕೆ ವಿದ್ಯುತ್ತನ್ನು ತಡೆಯುವ ಆರ್‌ಸಿಸಿಬಿ ಮೂಲಕವೇ ಬರಬೇಕು. ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಮೇಲೇರಿದ್ದರೆ ಅದರ ಮೇಲಿನಿಂದ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಗಾಳಿ ಎಲ್ಲಿಂದ

ಸ್ಕಿಮ್ಮರ್ ಸೇದುವ ಗಾಳಿಯೇ ನೀರಿಗೆ ಸೇರುವ ಗಾಳಿ. ಬಾಗಿಲು ಮುಚ್ಚಿದ, ಜನ ತುಂಬಿದ ಹವಾನಿಯಂತ್ರಿತ ಕೊಠಡಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದು, ಅದು ನೀರಿನಲ್ಲಿ ಕರಗಿ ಸುಮಾರು 8.1ರಿಂದ 8.4ರ ನಡುವೆ ಇರಬೇಕಾದ ಪಿಎಚ್ ಅನ್ನು ತಗ್ಗಿಸುತ್ತದೆ. ಗಾಳಿ ಎಳೆಯುವ ಕೊಳವೆಯನ್ನು ಉದ್ದಗೊಳಿಸಿ ಕಿಟಕಿಯ ಹೊರಗಿಟ್ಟರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಹೊರಗಿನ ತುದಿ ವಾಹನ ನಿಲ್ಲುವ ಜಾಗದ ಅಥವಾ ಜನರೇಟರಿನ ಪಕ್ಕದಲ್ಲಿರಬಾರದು ಎಂಬುದನ್ನು ಹೇಳಬೇಕಾಗಿಲ್ಲ.

ಕೀಟನಾಶಕದ ವಿಚಾರವನ್ನು ಮಾತ್ರ ಒತ್ತಿ ಹೇಳಬೇಕು. ಹೋಟೆಲು ಹಾಗೂ ಕಚೇರಿಗಳಲ್ಲಿ ಜಿರಳೆ, ಸೊಳ್ಳೆಗಳಿಗೆ ಸಿಂಪಡಿಸುವ ಪೈರೆಥ್ರಾಯ್ಡ್ ಔಷಧಗಳು ಮನುಷ್ಯರಿಗೆ ಅಷ್ಟಾಗಿ ಬಾಧಕವಲ್ಲದಿದ್ದರೂ ಮೀನು ಮತ್ತು ಸಿಗಡಿಗಳಿಗೆ ಅತ್ಯಂತ ಅಲ್ಪ ಪ್ರಮಾಣದಲ್ಲೂ ಮಾರಕ. ಸಿಂಪಡಣೆಯ ಹೊತ್ತಿನಲ್ಲಿ ಸ್ಕಿಮ್ಮರ್ ಓಡುತ್ತಿದ್ದರೆ ಅದು ಕೊಠಡಿಯ ಗಾಳಿಯನ್ನೇ ಸೇದಿ ಔಷಧವನ್ನು ನೀರಿನೊಳಗೆ ಕಡೆದು ಬೆರೆಸುತ್ತದೆ. ಸಿಂಪಡಿಸುವ ದಿನವನ್ನು ಅಕ್ವೇರಿಯಂ ನೋಡಿಕೊಳ್ಳುವವರಿಗೆ ಮುಂಚಿತವಾಗಿ ತಿಳಿಸಿ, ತೊಟ್ಟಿಯನ್ನು ಮುಚ್ಚಿ, ಸ್ಕಿಮ್ಮರ್ ಮತ್ತು ಗಾಳಿಪಂಪುಗಳನ್ನು ನಿಲ್ಲಿಸಿ, ನೀರಿನೊಳಗಿನ ಪಂಪನ್ನು ಮಾತ್ರ ಓಡಿಸಬೇಕು. ಕೊಠಡಿಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಮತ್ತೆ ಚಾಲನೆ ಕೊಡಬೇಕು. ಹೊಸದಾಗಿ ಬಣ್ಣ ಹೊಡೆಸುವಾಗಲೂ ಇದೇ ಕ್ರಮ ಒಳ್ಳೆಯದು.

ಮೊದಲ ಎರಡು ವಾರ

ಹೊಸ ಸ್ಕಿಮ್ಮರ್ ಮೊದಲ ದಿನವೇ ಕಂದು ನೊರೆ ಕೊಡುವುದಿಲ್ಲ. ತಯಾರಿಕೆಯ ಸಮಯದ ಎಣ್ಣೆಯ ಅಂಶ ಪ್ಲಾಸ್ಟಿಕ್ಕಿನ ಮೇಲೆ ಉಳಿದಿರುತ್ತದೆ. ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಮ್ಮೆ ಓಡಿಸಿ ತೊಳೆದರೆ ಕಾಯುವ ಕಾಲ ಕಡಿಮೆಯಾಗುತ್ತದೆ. ಆಮೇಲೂ ಕೆಲವು ದಿನಗಳಿಂದ ಎರಡು ವಾರದವರೆಗೆ ನೊರೆ ಅಸ್ಥಿರವಾಗಿರುತ್ತದೆ, ಸಣ್ಣ ಗುಳ್ಳೆಗಳು ಮೇಲಿನ ತೊಟ್ಟಿಗೂ ಹೋಗಬಹುದು. ಈ ಅವಧಿಯಲ್ಲಿ ಗಿರಾಕಿ ದಿನಕ್ಕೆರಡು ಬಾರಿ ದೂರವಾಣಿ ಮಾಡುವುದೂ, ಜೋಡಿಸಿದವರು ಬಂದು ವಾಲ್ವನ್ನು ಅತ್ತಿತ್ತ ತಿರುಗಿಸುವುದೂ ಸಾಮಾನ್ಯ. ತಿರುಗಿಸದಿರುವುದೇ ಇದಕ್ಕೆ ಮದ್ದು. ಒಡಲಿನೊಳಗಿನ ನೀರಿನ ಮಟ್ಟವು ಒಡಲು ಮತ್ತು ಕತ್ತು ಕೂಡುವಲ್ಲಿಗೆ ಬರುವಂತೆ ಮೊದಲು ಹೊಂದಿಸಬೇಕು. ಆನಂತರ ಬದಲಾವಣೆ ಬೇಕಾದರೆ ಕೂದಲೆಳೆಯಷ್ಟು ಮಾಡಿ ಒಂದು ದಿನ ಕಾಯಬೇಕು. ಸಂಪಿನಲ್ಲಿ ಕೈಯಾಡಿಸಿದರೆ, ಎಣ್ಣೆಯಂಶದ ಆಹಾರ ಹಾಕಿದರೆ ನೊರೆ ಕೆಲವು ಗಂಟೆ ಕುಸಿಯುವುದು ಸಹಜ. ಕ್ಲೋರಿನ್ ತೆಗೆಯುವ ಕೆಲವು ದ್ರಾವಣಗಳನ್ನು ಹಾಕಿದರೆ ಇದಕ್ಕೆ ವಿರುದ್ಧವಾಗಿ ಉಕ್ಕಿ ಹರಿಯುತ್ತದೆ. ಎರಡೂ ತಾವಾಗಿ ಸರಿಹೋಗುತ್ತವೆ.

ಬಟ್ಟಲಿನಲ್ಲಿ ಸೇರುವ ದ್ರವ ಚಹಾದ ಡಿಕಾಕ್ಷನ್ ಬಣ್ಣಕ್ಕಿದ್ದರೆ ಹೊಂದಾಣಿಕೆ ಸರಿಯಾಗಿದೆಯೆಂದು ತಿಳಿಯಬಹುದು. ತೀರ ತೆಳುವಾಗಿ, ಹೇರಳವಾಗಿ ಬರುತ್ತಿದ್ದರೆ ಸಂತೋಷಪಡಬೇಕಾಗಿಲ್ಲ; ಅದರೊಡನೆ ಹೋಗುತ್ತಿರುವುದು ದುಡ್ಡು ಕೊಟ್ಟು ತಂದ ಉಪ್ಪು. ದಿನಕ್ಕೆ ಅರ್ಧ ಲೀಟರ್ ಹೋಗಿ ಆ ಜಾಗಕ್ಕೆ ಸಿಹಿನೀರು ತುಂಬುತ್ತಿದ್ದರೆ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 525 ಗ್ರಾಂ ಉಪ್ಪು ನಷ್ಟ. ಸಂಪೂ ಸೇರಿ 450 ಲೀಟರಿನ ವ್ಯವಸ್ಥೆಯಲ್ಲಿ ಲವಣಾಂಶ ಒಂದೇ ತಿಂಗಳಲ್ಲಿ 35ರಿಂದ 34ಕ್ಕೆ ಇಳಿಯಲು ಇಷ್ಟು ಸಾಕು. ವಾರಕ್ಕೊಮ್ಮೆ ರಿಫ್ರಾಕ್ಟೋಮೀಟರಿನಿಂದ ಅಳೆದು ಬರೆದಿಡುವ ಪದ್ಧತಿ ಇದ್ದಲ್ಲಿ ಈ ಸೋರಿಕೆ ಬೇಗನೆ ಗೊತ್ತಾಗುತ್ತದೆ.

ಒಪ್ಪಂದದಲ್ಲಿ ಇರಬೇಕಾದ ಮಾತು

ಕತ್ತಿನ ಒಳಗೋಡೆಗೆ ಜಿಡ್ಡು ಅಂಟಿಕೊಂಡರೆ ನೊರೆ ಮೇಲೇರುವುದಿಲ್ಲ. ವಾರಕ್ಕೆ ಎರಡು ಬಾರಿ ಕತ್ತನ್ನು ಒರೆಸಿ ಬಟ್ಟಲು ತೊಳೆಯುವುದು ಐದು ನಿಮಿಷದ ಕೆಲಸ. ಸೋಪು ಮಾತ್ರ ತಾಗಿಸಬಾರದು. ಗಾಳಿಯ ಕೊಳವೆಯ ಬಾಯಲ್ಲಿ ಉಪ್ಪು ಗಟ್ಟಿಗೊಂಡು ಗಾಳಿ ಕಡಿಮೆಯಾಗುವುದು ಇನ್ನೊಂದು ಸಾಮಾನ್ಯ ದೋಷ. ಲೋಟದಷ್ಟು ಬೆಚ್ಚಗಿನ ಆರ್‌ಓ ನೀರನ್ನು ಅದೇ ಕೊಳವೆಯಿಂದ ಸೇದಿಸಿದರೆ ಉಪ್ಪು ಕರಗಿಹೋಗುತ್ತದೆ. ಪಂಪನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಸುಣ್ಣದ ಪದರವನ್ನು ತೆಗೆಯಬೇಕು. ಸಿರಾಮಿಕ್ ದಂಡ ಸ್ವಲ್ಪ ಒತ್ತಿದರೂ ಮುರಿಯುವಂಥದು, ಎಚ್ಚರಿಕೆ ಇರಲಿ.

ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವಾಗ ‘ಅಕ್ವೇರಿಯಂ ಸ್ವಚ್ಛತೆ’ ಎಂಬ ಒಂದೇ ಸಾಲು ಬರೆಯುವ ಬದಲು ಮೇಲಿನ ಕೆಲಸಗಳನ್ನೂ ಅವುಗಳ ಅವಧಿಯನ್ನೂ ಬಿಡಿಬಿಡಿಯಾಗಿ ಕಾಣಿಸಬೇಕು. ನಿರ್ವಹಣೆಯವರು ವಾರಕ್ಕೊಮ್ಮೆ ಮಾತ್ರ ಬರುವುದಾದರೆ ಮಧ್ಯದ ದಿನ ಕತ್ತನ್ನು ಒರೆಸಲು ಸಂಸ್ಥೆಯ ನೌಕರರೊಬ್ಬರಿಗೆ ಕಲಿಸಿಕೊಡುವುದೂ ಒಪ್ಪಂದದ ಭಾಗವಾಗಲಿ. ದರಪಟ್ಟಿ ತರಿಸಿಕೊಳ್ಳುವ ಹಂತದಲ್ಲಿಯೇ ಪಂಪಿನ ವೋಲ್ಟೇಜ್ ಮತ್ತು ಹರ್ಟ್ಸ್, ಗಂಟೆಗೆ ಎಳೆಯುವ ಗಾಳಿ, ಬೇಕಾದ ನೀರಿನ ಆಳ, ಬಟ್ಟಲು ತೆಗೆಯಲು ಬೇಕಾದ ಎತ್ತರ ಇವನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ. ಉಪಕರಣದ ಜೊತೆಗೇ ಪಂಪಿನ ಚಕ್ರ ಮತ್ತು ದಂಡದ ಒಂದು ಬಿಡಿ ಜೊತೆಯನ್ನು ಕೊಂಡಿಟ್ಟುಕೊಳ್ಳಬೇಕು. ಅದು ಹೊರದೇಶದಿಂದ ಬರುವವರೆಗೆ ವಾರಗಟ್ಟಲೆ ಕಾಯುವ ಶಕ್ತಿ ತೊಟ್ಟಿಯೊಳಗಿನ ಮೀನುಗಳಿಗೆ ಇರುವುದಿಲ್ಲ.